ಹಾಜರಿ ಯಂತ್ರ ಮತ್ತು ದೊಡ್ಡಮ್ಮ

ಮೊನ್ನೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವಾಗ ಬಸ್ಸು ಶಿಡ್ಲಘಟ್ಟದಲ್ಲಿ ಸ್ವಲ್ಪ ಹೊತ್ತು ನಿಂತಿತು. ಕಿಟಕಿಯಿಂದ ರೇಷ್ಮೆಗೂಡು ಬೇಯುವ ವಾಸನೆ ಬಂತು. ಪಕ್ಕದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಒಂದು ಕಾಲದಲ್ಲಿ ಆ ವಾಸನೆ ಬಾಗಿಲಿಗೆ ಬಂತೆಂದರೆ ದೊಡ್ಡಮ್ಮ ಕೆಲಸದಿಂದ ಬಂದರು, ಇನ್ನೇನು ಊಟಕ್ಕೆ ಕರೆಯುತ್ತಾರೆ ಎಂದು ಅರ್ಥ...

ದೊಡ್ಡಮ್ಮ ನನ್ನ ಸಂಬಂಧಿಕರಲ್ಲ, ವಠಾರದ ಪಕ್ಕದ ಮನೆಯವರು. ಅವರೂ ಒಬ್ಬರೇ, ನಾನೂ ಒಬ್ಬಳೇ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೊಂದಕ್ಕೆ ಚಿಕ್ಕಬಳ್ಳಾಪುರದ ನಮ್ಮ ಕಂಪನಿ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಅದಕ್ಕಾಗಿ ನಾಲ್ಕು ತಿಂಗಳ ಮಟ್ಟಿಗೆ ಅಲ್ಲಿ ರೂಮು ಹಿಡಿದಿದ್ದೆ. ಯಾರಿಗೆ ಏನು ಬೇಕೆಂದು ಕೇಳಿ, ಬರೆದು, ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ನಮ್ಮವರು ಅದಕ್ಕೆ ರಿಕ್ವೈರ್‌ಮೆಂಟ್ ಅನ್ನುತ್ತಾರೆ. ಅದು ತಪ್ಪಿದರೆ ಪ್ರೋಗ್ರಾಂ ಎಷ್ಟೇ ಚೆನ್ನಾಗಿದ್ದರೂ ತಪ್ಪು ಕೆಲಸವನ್ನೇ ಚೆನ್ನಾಗಿ ಮಾಡುತ್ತದೆ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ದೊಡ್ಡಮ್ಮ ಅದೇ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂರುವವರು. ಒಂದು ಸಂಜೆ ಮುದ್ದೆಗೆ ಹುರುಳಿ ಸಾರು ಬಡಿಸುತ್ತ ಕೇಳಿದರು:

“ಏಮ್ಮಾ, ದಿನಾ ಬುಕ್ಕು ಹಿಡ್ಕೊಂಡು ಸಾಹುಕಾರ್ರ ಹತ್ರ ಏನು ಕೇಳ್ತೀಯಾ?”

“ಏನೇನು ಬೇಕು ಅಂತ ಕೇಳ್ತೀನಿ, ದೊಡ್ಡಮ್ಮ.”

“ನಮ್ಮನ್ನ ಕೇಳಲ್ವಾ?”

ನಗು ಬಂತು. “ನಿಮಗೇನು ಬೇಕು, ಹೇಳಿ.”

“ಹಂಗೆಲ್ಲ ಹೇಳೋಕೆ ಬರಲ್ಲ ಕಣಮ್ಮ. ಒಂದಿನ ಬಂದು ನನ್ನ ಪಕ್ಕ ಕೂತ್ಕೋ, ಗೊತ್ತಾಗುತ್ತೆ.”

ಬರ್ತೀನಿ ಅಂದೆ. ಹೋಗಲಿಲ್ಲ. ಮಾಲೀಕರ ಕೋಣೆಯಲ್ಲಿ ಫ್ಯಾನಿತ್ತು, ಕಾಫಿ ಬರುತ್ತಿತ್ತು.

ಮಾಲೀಕರಿಗೆ ಹಾಜರಿ ಯಂತ್ರ ಬೇಕಿತ್ತು. “ಬೆರಳಿಟ್ಟ ಎರಡು ಸೆಕೆಂಡಿನಲ್ಲಿ ಹಾಜರಿ ದಾಖಲಾಗಬೇಕು” ಎಂದು ಬರೆದೆ. ಪರೀಕ್ಷೆ ಮಾಡಿ ನೋಡಬಹುದಾದ, ಅಚ್ಚುಕಟ್ಟಾದ ವಾಕ್ಯ. ಬಳಸುವವರು ಯಾರು ಎಂಬಲ್ಲಿ “ಕಾರ್ಮಿಕರು” ಎಂದಷ್ಟೇ ತುಂಬಿದೆ. ಅವರು ಸಹಿ ಹಾಕಿದರು. ನಮ್ಮ ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬೆರಳಿಟ್ಟು ನೋಡಿದೆವು. ಎಲ್ಲ ಸರಿಯಾಗಿತ್ತು.

ಕಾರ್ಖಾನೆಯಲ್ಲಿ ಬೆರಳಚ್ಚು ತೆಗೆದುಕೊಳ್ಳುವ ದಿನವೇ ಯಂತ್ರ ತಕರಾರು ತೆಗೆಯಿತು. ಹೆಂಗಸರು ಸೆರಗಿಗೆ ಕೈ ಒರೆಸಿ ಒರೆಸಿ ಇಟ್ಟರು. ಹಾಗೂ ಹೀಗೂ ಉಳಿದವರೆಲ್ಲ ಪಾರಾದರು. ದೊಡ್ಡಮ್ಮನ ಹತ್ತು ಬೆರಳನ್ನೂ ಅದು ಒಪ್ಪಲಿಲ್ಲ. ಸುಡುನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಆ ಕೈ ಬಡಿಸಿದ್ದನ್ನೇ ದಿನಾ ಉಣ್ಣುತ್ತಿದ್ದೆ, ಒಂದು ದಿನವೂ ಆ ಕೈಯನ್ನು ನೋಡಿರಲಿಲ್ಲ. ನನಗೆ ಅಲ್ಲೇ ಭೂಮಿಗಿಳಿದು ಹೋಗುವಂತಾಯಿತು.

“ಒಬ್ಬರಿಗೋಸ್ಕರ ಬೇರೆ ಪುಸ್ತಕ ಇಡೋಕಾಗುತ್ತೇನಮ್ಮ? ಮಿಷನ್ ಸರಿಹೋಗೋವರ್ಗೂ ಮನೇಲಿರಲಿ” ಅಂದರು ಮಾಲೀಕರು. ನಮ್ಮ ಆಫೀಸಿಗೆ ಫೋನ್ ಮಾಡಿದರೆ, ಸಹಿಯಾದ ಕಾಗದದಲ್ಲಿ ಅದಿಲ್ಲ, ಮುಂದಿನ ಹಂತದಲ್ಲಿ ನೋಡೋಣ ಅಂದರು. ಆ ಕಾಗದ ಬರೆದವಳು ನಾನೇ, ಯಾರ ಮೇಲೆ ಕೂಗಾಡಲಿ?

ದೊಡ್ಡಮ್ಮ ಹಗಲೆಲ್ಲ ಹೊಸ್ತಿಲ ಮೇಲೆ ಕೂರತೊಡಗಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ನನ್ನ ಕೈಯೇ ಸರಿಯಿಲ್ಲ, ಬಿಡಮ್ಮ” ಅಂದರು. ಬೈದಿದ್ದರೆ ಎಷ್ಟೋ ಮೇಲಿತ್ತು...

ಚಿಕ್ಕಬಳ್ಳಾಪುರಕ್ಕೆ ವಾಪಸಾದ ಮೇಲೆ ವಾರಗಟ್ಟಲೆ ಜಗಳವಾಡಿ, ಬೆರಳಿನ ಬದಲು ಕಾರ್ಡು ತೋರಿಸಿದರೂ ಹಾಜರಿ ಬೀಳುವಂತೆ ಮಾಡಿಸಿದೆ. ಮೊದಲ ಕಾರ್ಡು ಅವರದೇ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದೊಡ್ಡಮ್ಮನ ಮನೆಗೆ ಬೀಗ ಬಿದ್ದಿತ್ತು.

“ಮಗಳ ಊರಿಗೆ ಹೋಗ್ಬಿಟ್ರಲ್ಲ” ಅಂದರು ವಠಾರದ ಯಜಮಾನಿ.

“ಯಾವೂರು?”

ಅವರು ನನ್ನ ಮುಖವನ್ನೇ ನೋಡಿದರು. “ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ದಿನಾ ಜೊತೇಲೇ ಉಣ್ತಿದ್ರಲ್ಲಮ್ಮ.”

ಕಾರ್ಖಾನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ.

ಈಗ ಹೊಸಬರಿಗೆ ಈ ಕೆಲಸ ಕಲಿಸುವವಳು ನಾನೇ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಹೇಳಲಾಗದವರ ಜೊತೆ ಎಷ್ಟು ಹೊತ್ತು ಕೂರಬೇಕು, ಎಲ್ಲ ಹೇಳಿಕೊಡುತ್ತೇನೆ. ಸಂಜೆ ಮನೆಗೆ ಬಂದು ಒಬ್ಬಳೇ ತಟ್ಟೆ ಹಾಕಿಕೊಳ್ಳುತ್ತೇನೆ. ದೊಡ್ಡಮ್ಮ ಇದ್ದಾರೋ ಇಲ್ಲವೋ, ಅದೂ ಗೊತ್ತಿಲ್ಲ. ನಾಲ್ಕು ತಿಂಗಳಲ್ಲಿ ಅವರಿಗೊಬ್ಬ ಮಗಳಿದ್ದಾಳೆ ಎಂಬುದನ್ನೂ ನಾನು ಕೇಳಿ ತಿಳಿದುಕೊಂಡಿರಲಿಲ್ಲ.