‘ಆತು’ ಎಂಬ ಒಪ್ಪಿಗೆ

ತುರ್ತು ಪರಿಸ್ಥಿತಿಯ ಆ ವರ್ಷ ನನಗೆ ಇಪ್ಪತ್ತು. ಕುಟುಂಬ ಯೋಜನೆಯ ಶಿಬಿರಕ್ಕಾಗಿ ಕಾಸರಕೋಡಿನ ಮನೆಗಳ ಪಟ್ಟಿ ಮಾಡಿಕೊಡುವ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಮನೆಯ ಸಂಖ್ಯೆ, ಗಂಡ, ಹೆಂಡತಿ, ಮಕ್ಕಳು, ಒಪ್ಪಿಗೆ. ಪಟ್ಟಿಯ ಪುಸ್ತಕದಲ್ಲಿ ಐದು ಅಂಕಣಗಳ ಗೆರೆಗಳನ್ನು ನಾನೇ ಕೆಂಪು ಶಾಯಿಯಲ್ಲಿ ಎಳೆದಿದ್ದೆ.

ಯಾರೂ ಹೆದರಿಸಿ ಮಾಡಿಸಿದ ಕೆಲಸವಲ್ಲ ಅದು. ನಾನು ನಂಬಿದ್ದೆ. ದಿನಚರಿಯ ಕೊನೆಯ ಪುಟಗಳಲ್ಲಿ ಒಂದು ಊರನ್ನೇ ಕಟ್ಟಿದ್ದೆ: ಮನೆಗೆ ಇಬ್ಬರೇ ಮಕ್ಕಳು, ಇಷ್ಟು ಮಕ್ಕಳಿಗೆ ಇಷ್ಟು ಶಾಲೆ, ಇಷ್ಟು ಹಾಲು, ಇಷ್ಟು ಹಾಸಿಗೆಯ ಆಸ್ಪತ್ರೆ. ಆ ಊರಲ್ಲಿ ಯಾರೂ ಹಸಿದು ಮಲಗುತ್ತಿರಲಿಲ್ಲ. ಪ್ರತಿ ಸಲ ಕೂಡಿದಾಗಲೂ ಲೆಕ್ಕ ಸರಿಬರುತ್ತಿತ್ತು.

ಅಳಿವೆಯ ಹತ್ತಿರದ ಒಂದು ಮನೆಯಲ್ಲಿ ಗಂಡ ಹರಿದ ಬಲೆ ಹೊಲಿಯುತ್ತಿದ್ದ, ಹೆಂಡತಿ ಮೀನು ಒಣಹಾಕುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು. ಮೂರನೆಯದು ಗಂಡು, ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿತ್ತು.

“ಎರಡು ಸಾಕಲ್ಲ?” ಎಂದೆ.

“ನಿಮ್ಮನೇಲಿ ಎಷ್ಟು ಜನ, ತಮಾ?” ಎಂದಳು ಆಕೆ.

“ಐದು. ನಾನೇ ಕೊನೆಯವ.”

“ಹಂಗಾರೆ ಈ ಪುಸ್ತಕ ನಿನ್ನಪ್ಪಂಗೆ ಮೊದ್ಲೇ ತೋರ್ಸೂದಿತ್ತು!”

ಗಂಡ ಹೆಂಡತಿ ಇಬ್ಬರೂ ನಕ್ಕರು. ನಗು ನಿಂತ ಮೇಲೆ ಆಕೆ, “ನಮಗೆ ಇನ್ನೊಂದು ಬೇಕು,” ಎಂದಳು. ನಾನು ಬಿಡದೆ ಆಪರೇಶನ್ನಿನ ಲಾಭಗಳನ್ನು ಓದತೊಡಗಿದೆ. ಗಂಡ ಬಲೆಯಿಂದ ತಲೆಯೆತ್ತದೆ, “ಆತು ಮಾರಾಯ, ಆತು. ನೀ ಹೋಗು,” ಎಂದ.

ನಮ್ಮ ಕಡೆ ‘ಆತು’ ಎಂದರೆ ಆಗಲಿ ಎಂದಾಗುತ್ತದೆ, ಮುಗಿಯಿತು ಎಂದೂ ಆಗುತ್ತದೆ. ಸಾಕುಮಾಡು ಎನ್ನುವುದಕ್ಕೂ ಅದೇ ಮಾತು. ಅವನು ಯಾವುದನ್ನು ಹೇಳಿದನೆಂದು ನನಗೆ ಗೊತ್ತಿತ್ತು. ಆದರೆ ಆ ದಿನದ ಗುರಿಗೆ ಒಂದು ಹೆಸರು ಕಡಿಮೆಯಿತ್ತು. ಒಪ್ಪಿಗೆಯ ಅಂಕಣದಲ್ಲಿ ಗುರುತು ಹಾಕಿದೆ.

ಮೂರನೆಯ ದಿನ ಅವರ ಮನೆಗೆ ಜೀಪು ಬಂತು, ನಾನೂ ಅದರಲ್ಲಿದ್ದೆ. ಹಿಂದೆ ಇಬ್ಬರು ಪೇದೆಗಳಿದ್ದರು. ಶಿಬಿರದ ಅಧಿಕಾರಿ ನನ್ನ ಪುಸ್ತಕ ತೆರೆದು ಅವನಿಗೆ ತೋರಿಸಿದರು.

“ನಾ ಯಾವಾಗ ಒಪ್ಪಿದ್ದೆ? ಇವಂಗೆ ಹೋಗು ಅಂದದ್ದು. ಹೌದಾ ಅಲ್ದಾ, ತಮಾ, ನೀನೇ ಹೇಳು.”

ಅಧಿಕಾರಿ ನನ್ನ ಕಡೆ ತಿರುಗಿದರು. “ಆತು ಅಂದನೋ ಇಲ್ಲವೋ?”

“ಅಂದ,” ಎಂದೆ. ಅದು ಸುಳ್ಳಲ್ಲ. ಸಂಜೆಯೊಳಗೆ ಅವನ ಆಪರೇಶನ್ ಮುಗಿದಿತ್ತು.

ಎಂಟು ದಿನ ಬಿಟ್ಟು ಗಾಯ ನೋಡಿಬರುವ ಕೆಲಸವೂ ನನ್ನದೇ. ಅವನು ಒಳಗೆ ಗೋಡೆಗೆ ಮುಖಮಾಡಿ ಮಲಗಿದ್ದ. ಆಕೆ ಬಾಗಿಲಲ್ಲೇ ತಡೆದಳು.

“ಎಂತಕ್ಕೆ ಬಂದೆ? ಮತ್ತೆ ಮಕ್ಳ ಎಣ್ಸೂಕಾ?”

“ಗಾಯ ಒಣಗಿತಾ ಅಂತ ಬರೀಬೇಕಿತ್ತು.”

“ಯಾರದ್ದು? ನಂದಾ, ಅವರದಾ?”

ಗಾಯ ನೋಡದೆಯೇ ಹಿಂದಿರುಗಿದೆ. ಏನೂ ಬರೆಯದೆ ಬಂದೆ ಎಂದು ನನಗೆ ನಾನೇ ಹೇಳಿಕೊಳ್ಳಲು ಈ ಆರೇಳು ವರ್ಷ ಪ್ರಯತ್ನಿಸಿದ್ದೇನೆ. ಆದರೆ ಪಟ್ಟಿಯ ನಕಲು ನನ್ನ ಬಳಿಯೇ ಇದೆ. ಅವರ ಮನೆಯ ಸಾಲಿನಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ‘ಒಣಗಿದೆ’ ಎಂದು ಬರೆದಿದೆ.