ಯಾಕೂಬಸಾಬರ ಗೋಡೆಯ ಹನ್ನೆರಡು ಚಿಂದಿ

ಬೈಲಹೊಂಗಲದ ಕಿತ್ತೂರು ರಸ್ತೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಯಾಕೂಬಸಾಬರ ಗ್ಯಾರೇಜಿನ ತಗಡಿನ ಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಬಿಳಿ ಕಾರೊಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಐವತ್ತಾರರ ಯಾಕೂಬಸಾಬರು ಗೇರ್‌ಬಾಕ್ಸಿನಿಂದ ಅಳತೆಯ ಕಡ್ಡಿ ಎಳೆದು, ಅದರ ತುದಿಯನ್ನು ಬಿಳಿ ಬಟ್ಟೆಯ ಚಿಂದಿಗೆ ಒತ್ತಿ, ಮೂಗಿಗೆ ಹಿಡಿಯುತ್ತಾರೆ. "ಸುಟ್ಟ ವಾಸನಿ ಇಲ್ಲ. ಕೆಂಪು ಬಣ್ಣ ಮಾತ್ರ ಮಾಸೇತಿ, ಬದಲಿ ಮಾಡೂ ಹೊತ್ತಾತು," ಎನ್ನುತ್ತಾರೆ.

ಇದು ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಕಾರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಸೇರಿಸಿದರೂ ಈ 2006ರಲ್ಲಿ ಅವರ ಲೆಕ್ಕಕ್ಕೆ ಸಿಕ್ಕ ಇಂಥ ಕಾರು ಹನ್ನೊಂದು. ದಿನಕ್ಕೆ ಎಂಟು ಹತ್ತು ಟ್ರ್ಯಾಕ್ಟರು, ಟೆಂಪೋಗಳಲ್ಲಿ ಮುಳುಗುವ ಈ ಮನುಷ್ಯನ ಕೈಯಿಂದಲೇ ಆ ಹನ್ನೊಂದಕ್ಕೂ ಎಣ್ಣೆ ಬೀಳಬೇಕು. ಒಂದೊಂದು ಕಾರಿಗೂ ಗೋಡೆಯ ಮೊಳೆಯಲ್ಲಿ ಒಂದೊಂದು ಚಿಂದಿ ತೂಗುತ್ತಿದೆ. ಮೇಲೆ ಕಾರಿನ ನಂಬರು, ತಾರೀಖು, ಎಣ್ಣೆಯ ಹೆಸರು.

ಬರಹ ಹೆಂಡತಿ ಜಮೀಲಾಬಿಯವರದು. ಯಾಕೂಬಸಾಬರಿಗೆ ಇಂಗ್ಲಿಷು ಬಾರದು. ಕಾರಿನ ಪುಸ್ತಕದಲ್ಲಿ ಬರೆದ ಎಣ್ಣೆಯ ಹೆಸರನ್ನು ಜಮೀಲಾಬಿ ಅಕ್ಷರ ಅಕ್ಷರವಾಗಿ ಓದುತ್ತಾರೆ, ಆಮೇಲೆ ಡಬ್ಬಿಯ ಮೇಲಿನದನ್ನು. ಎರಡೂ ತಾಳೆಯಾದರೆ ಮಾತ್ರ ಡಬ್ಬಿಯ ಮುಚ್ಚಳ ಬಿಚ್ಚುತ್ತದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅನ್ನುತ್ತೇವಲ್ಲ, ಇಲ್ಲಿ ಕೆಂಪಗಿದ್ದದ್ದೆಲ್ಲ ಒಂದೇ ಎಣ್ಣೆಯಲ್ಲ. "ಬಣ್ಣ ನೋಡಿ ಹಾಕೂದಾದ್ರ ನಾ ಯಾಕ ಬೇಕ್ರಿ?" ಎಂದು ನಗುತ್ತಾರೆ ಜಮೀಲಾಬಿ.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. ಗೋಡೆಯಲ್ಲಿ ಹನ್ನೆರಡನೆಯ ಚಿಂದಿಯೂ ಒಂದಿದೆ, ಕಪ್ಪಾಗಿ ಒಣಗಿದ್ದು. ಅದೂ ಇದೇ ಬಿಳಿ ಕಾರಿನದು, 1999ರದು.

ಕಾರಿನ ಯಜಮಾನರು ಸವದತ್ತಿಯ ಸೋಮಪ್ಪ ಮಾಸ್ತರು. ಎಳೆತನದಲ್ಲೇ ಪೋಲಿಯೋ ಬಂದು ಎಡಗಾಲು ಸೋತಿದೆ, ಕ್ಲಚ್ ತುಳಿಯಲಾರರು. ಹೂಲಿಯ ಶಾಲೆಗೆ ಯಾರ ಹಂಗೂ ಇಲ್ಲದೆ ತಾವೇ ಹೋಗಿಬರಬೇಕೆಂಬ ಹಟಕ್ಕೆ ಹಳೆಯದಾದರೂ ಈ ಕಾರನ್ನೇ ಹುಡುಕಿ ತಂದವರು. ಗೇರ್‌ಬಾಕ್ಸಿಗೂ ನೇಗಿಲೆತ್ತುವ ಹೈಡ್ರಾಲಿಕ್ಕಿಗೂ ಒಂದೇ ಪೀಪಾಯಿ ಎಣ್ಣೆ ಸಾಕಾಗುವ ಟ್ರ್ಯಾಕ್ಟರಿನ ಸೀಮೆ ಇದು. ಯಾಕೂಬಸಾಬರು ಅದೇ ಪೀಪಾಯಿಯಿಂದ ಮಾಸ್ತರ ಕಾರಿಗೂ ಸುರಿದರು. ಎರಡೇ ತಿಂಗಳಿಗೆ ಸವದತ್ತಿಯ ಗುಡ್ಡದ ಏರಿನಲ್ಲಿ ಕಾರು ಗುಂಯ್‌ಗುಟ್ಟಿತೇ ಹೊರತು ಮುಂದೆ ಸರಿಯಲಿಲ್ಲ. ಹೊರಗಿನ ಮೆಕ್ಯಾನಿಕ್ಕು ನೋಡಿ, ವಯಸ್ಸಾದ ಗಾಡಿ, ಗೇರ್‌ಬಾಕ್ಸ್ ಸವೆದಿದೆ ಎಂದುಬಿಟ್ಟ. ಗ್ಯಾರೇಜಿಗೆ ಎಳೆದು ತಂದ ಕಾರಿನ ಪುಸ್ತಕವನ್ನು ಜಮೀಲಾಬಿ ಓದಿದಾಗಲೇ ಯಾಕೂಬಸಾಬರಿಗೆ ತಿಳಿದದ್ದು, ತಾವು ಸುರಿದದ್ದು ಬೇರೆಯೇ ಎಣ್ಣೆ ಎಂದು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೂಬಸಾಬರು ಗೇರ್‌ಬಾಕ್ಸಿನ ಎಣ್ಣೆ ಒರೆಸಿಕೊಂಡ ಚಿಂದಿ ಹಿಡಿದು ಸವದತ್ತಿಯ ಬಸ್ಸು ಹತ್ತಿದರು. "ವಯಸ್ಸಿನ ತಪ್ಪಲ್ರಿ ಮಾಸ್ತರ, ನಂದು. ತಿಳೀದ ಹಾಕೀನಿ," ಎಂದರು. ಮಾಸ್ತರು ಆ ಚಿಂದಿಯನ್ನು ಮಡಚಿ ಅವರ ಕೈಗೇ ಕೊಟ್ಟರಂತೆ. "ಬೈದಿದ್ರ ಹಗುರ ಆಗತಿತ್ತು," ಎನ್ನುವಾಗ ಯಾಕೂಬಸಾಬರ ದನಿ ಈಗಲೂ ತಗ್ಗುತ್ತದೆ.

ಬೇರೆ ಗೇರ್‌ಬಾಕ್ಸ್ ಹುಡುಕಿ ಕೂರಿಸಲು ಯಾಕೂಬಸಾಬರಿಗೆ ಆರು ತಿಂಗಳು ಹಿಡಿಯಿತು. ಅಷ್ಟೂ ದಿನ ಮಾಸ್ತರು ಕಂಡವರ ಬೈಕಿನ ಹಿಂದೆ ಕೂತು ಶಾಲೆಗೆ ಹೋದರು. ಕಾರು ಓಡತೊಡಗಿದ ಮೇಲೂ ಎಣ್ಣೆ ಬದಲಿಗೆ ಇಲ್ಲಿಗೇ ಬಂದರು, ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡು. ಮೊದಲೆರಡು ಸಲ ಕೋಲೂರಿಕೊಂಡು ಪಕ್ಕದಲ್ಲೇ ನಿಂತು ಪ್ರತಿ ಹನಿಯನ್ನೂ ನೋಡಿದರಂತೆ. ನನಗಂತೂ ಇಬ್ಬರಲ್ಲಿ ಯಾರ ದೊಡ್ಡತನ ಹೆಚ್ಚೆಂದು ಹೇಳಲಾಗದು.

ಜಮೀಲಾಬಿ ಡಬ್ಬಿಯ ಹೆಸರು ಓದಿ ತಲೆಯಾಡಿಸುತ್ತಾರೆ. ಯಾಕೂಬಸಾಬರು ಎಂಜಿನ್ ಬಂದ್ ಮಾಡಿ ಹಳೆಯ ಎಣ್ಣೆ ಇಳಿಸಲು ಕಾರಿನಡಿ ಸರಿಯುತ್ತಾರೆ. ಆ ಕಪ್ಪು ಚಿಂದಿಯನ್ನು ಇನ್ನಾದರೂ ತೆಗೆಯಬಾರದೇ ಎಂದು ನಾನು ಕೇಳಿದರೆ ಅಲ್ಲಿಂದಲೇ ಉತ್ತರ ಬರುತ್ತದೆ. "ಇರಲಿ ಬಿಡ್ರಿ, ಕಣ್ಣಿಗೆ ಬೀಳತಿರಬೇಕು."

ಮಾಸ್ತರೆಲ್ಲಿ?

"ಈಗ ಅವರು ನಿಂತು ನೋಡೂದಿಲ್ರಿ. ಚಾವಿ ನನ್ನ ಕೈಯಾಗ ಇಟ್ಟು ಚಾ ಕುಡಿಯಾಕ ಹೋಗತಾರ."