ಸಾಯಂಕಾಲದವರೆಗೆ ಹೇಳಬಾರದ ಹೆಸರು

ಕೇಬಲ್ ಅಣ್ಣನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಾಗಿತ್ತು. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಕೊಳ್ಳೇಗಾಲದ ಕಂಬಗಳನ್ನೂ ತಾರಸಿಗಳನ್ನೂ ವರ್ಷಗಟ್ಟಲೆ ಹತ್ತಿಳಿದ ಗುರುತು ಅದು. ಮನೆಮನೆಗೂ ಡಿಶ್ ಬಂದು ಕೇಬಲ್ ವ್ಯಾಪಾರ ಮಲಗಿದ ಮೇಲೂ ಆ ಹೆಗಲು ಮೇಲೇಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತರೂ ಒಂದು ಕಡೆ ವಾಲಿಕೊಂಡೇ ಟೈಪು ಮಾಡುತ್ತಿದ್ದರು.

ಹಳೆಯ ಕೇಬಲ್ ಆಫೀಸಿನಲ್ಲೇ ಅವರು ವೆಬ್‌ಸೈಟು ಶುರುಮಾಡಿದ್ದು. ಟೀವಿಯಲ್ಲಿ ಬರುವ ಅಮೆರಿಕದ ಕುಸ್ತಿ, ಅದೇ, ಬಣ್ಣಬಣ್ಣದ ಚಡ್ಡಿ ತೊಟ್ಟ ದಾಂಡಿಗರು ಹಗ್ಗದ ಮೇಲಿಂದ ಹಾರಿ ಬೀಳುವ ಆಟ, ಅದರ ಸುದ್ದಿಯನ್ನು ಕನ್ನಡದಲ್ಲಿ ಕೊಡಬೇಕೆಂಬುದು ಅವರ ಹಟ. ಯಾವ ಬೀದಿಯಲ್ಲಿ ಯಾವ ಚಾನೆಲ್ ನಿಂತರೆ ಎಷ್ಟು ಬೈಗುಳ ಬರುತ್ತದೆಂದು ಕೇಬಲ್ ಎಳೆದವರಿಗೆ ಗೊತ್ತಿರುತ್ತದೆ. ಕುಸ್ತಿ ನಿಂತಾಗ ಬಿದ್ದಷ್ಟು ಬೈಗುಳ ಧಾರಾವಾಹಿ ನಿಂತಾಗಲೂ ಬೀಳಲಿಲ್ಲವಂತೆ. ಮೊದಲು ಓದಿದವರು ಹಳೇ ಗಿರಾಕಿಗಳ ಮಕ್ಕಳು. ಆಮೇಲೆ ಹನೂರು, ರಾಮಾಪುರದವರು, ಪಾಲಾರ್ ಗಡಿ ದಾಟಿ ತಮಿಳುನಾಡಿಗೆ ಲಾರಿ ಓಡಿಸುವವರು. ಆಮೇಲೆ ನಾವು ಹೆಸರೂ ಕೇಳದ ಊರುಗಳವರು.

ಸಿನಿಮಾ, ಧಾರಾವಾಹಿ ಸುದ್ದಿಯೂ ಬೇಕೆಂದು ಓದುಗರು ಪೀಡಿಸಿದಾಗ ನನ್ನನ್ನು ಕರೆದರು. ಡಿಗ್ರಿ ಮುಗಿಸಿ ಯಳಂದೂರಿನ ಮನೆಯಲ್ಲಿ ದಿನವೂ ಬೈಸಿಕೊಳ್ಳುತ್ತಿದ್ದವಳು ನಾನು. ಚಡ್ಡಿ ಹಾಕಿದ ಗಂಡಸರ ಗುದ್ದಾಟ ಬರೆಯುವ ಕಡೆ ಹೆಣ್ಣುಮಗಳಿಗೆ ಏನು ಕೆಲಸವೆಂದು ನಮ್ಮವ್ವ ರೇಗಿದಳು. ನನಗೂ ಆ ಆಟದ ಮೇಲೆ ಗೌರವವೇನಿರಲಿಲ್ಲ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರಲ್ಲ, ಬರೀ ನಾಟಕವಲ್ಲವೇ ಎಂದು ಬಂದ ವಾರವೇ ಕೇಳಿಬಿಟ್ಟೆ.

"ಊಂ ಕಣವ್ವ, ನಾಟಕನೇಯ," ಅಂದರು. "ಆದ್ರೆ ಅಷ್ಟೆತ್ರದಿಂದ ಬಿದ್ದೋನ ಬೆನ್ನು ನೋಯಕಿಲ್ವಾ? ಆ ನೋವ ಯಾರ್ ಬರ್ದವ್ರೆ?"

ನನ್ನ ಬಾಯಿ ಮುಚ್ಚಿಸಿದವರು ಜೀವನದಲ್ಲಿ ಬಹಳ ಜನವಿಲ್ಲ, ಅವರೊಬ್ಬರು.

ನಮ್ಮ ಸೈಟಿಗೆ ಒಂದು ಕಟ್ಟುಪಾಡು. ಆ ಕುಸ್ತಿ ನಮಗೆ ನೇರವಾಗಿ ಬರುವುದು ಬೆಳಗಿನ ಜಾವ. ಅದೇ ಸಾಯಂಕಾಲ ಮರುಪ್ರಸಾರವಾಗುತ್ತದೆ, ನಮ್ಮ ಕಡೆಯ ಬಹುಪಾಲು ಜನ ನೋಡುವುದು ಅದನ್ನೇ. ಬೇರೆ ಸೈಟುಗಳು ಹೊತ್ತು ಹುಟ್ಟುವ ಮೊದಲೇ ಗೆದ್ದವನ ಫೋಟೋ ಹಾಕಿ ಡಂಗುರ ಸಾರುತ್ತವೆ. ಕೇಬಲ್ ಅಣ್ಣ ಮಾತ್ರ ಮರುಪ್ರಸಾರ ಮುಗಿಯುವ ತನಕ ಹೆಸರು ಹಾಕಲು ಬಿಡುತ್ತಿರಲಿಲ್ಲ. ಜಾವದಲ್ಲೇ ಎದ್ದು ನೋಡಬೇಕು, ಬರೆಯಬೇಕು, ಮುಚ್ಚಿಡಬೇಕು. ಬಸ್ಸಿನಲ್ಲಿ ಪಕ್ಕದವರು ಕೇಳಿದರೂ ಬಾಯಿ ಬಿಡುವ ಹಾಗಿಲ್ಲ.

ಶುರುವಿನಲ್ಲಿ ಅವರೂ ಎಲ್ಲರಂತೆ ಬೆಳಗ್ಗೆಯೇ ಹಾಕಿದ್ದರಂತೆ. ಒಂದು ದಿನ ಲೊಕ್ಕನಹಳ್ಳಿಯ ರೈತನೊಬ್ಬ ಫೋನು ಮಾಡಿದ. ರಾತ್ರಿ ಮೆಕ್ಕೆಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ಆನೆ ಕಾಯುವವನು. ಬೆಳಗ್ಗೆ ಮಲಗಿ, ಸಾಯಂಕಾಲ ಮಕ್ಕಳ ಜೊತೆ ಕುಸ್ತಿ ನೋಡಿ, ಮತ್ತೆ ಅಟ್ಟಣೆಗೆ ಹೋಗುವವನು. ಅವನು ಬೈಯಲಿಲ್ಲವಂತೆ. "ರಾತ್ರಿಯೆಲ್ಲಾ ಆನೆ ಕಾಯ್ಕಂಡು ಬಂದಿವ್ನಿ ಸಾ. ಸಾಯಂಕಾಲಕ್ಕೆ ಅಂತ ಇದ್ದುದ್ದು ಅದೊಂದೇಯ. ಅದ್ನೂ ಕಿತ್ಕಂಡ್ಬುಟ್ರಲ್ಲ" ಅಂದನಂತೆ. ಮುಂದಿನ ವಾರ ಕೇಬಲ್ ಅಣ್ಣ ಬೈಕು ಹತ್ತಿ ಅವನ ಮನೆಗೇ ಹೋದರು. ಚಾಪೆಯ ಮೇಲೆ ಮಕ್ಕಳ ನಡುವೆ ಕೂತು, ಜಾವದಲ್ಲೇ ನೋಡಿದ್ದ ಕುಸ್ತಿಯನ್ನು ಏನೂ ಗೊತ್ತಿಲ್ಲದವರ ಹಾಗೆ ಇನ್ನೊಮ್ಮೆ ನೋಡಿ ಬಂದರು. ಕಟ್ಟುಪಾಡು ಅವತ್ತಿನದು.

ಹೀಗೆ ಮಾಡಿದರೆ ಸೈಟು ಉದ್ಧಾರವಾದ ಹಾಗೇ ಎಂದು ನಾನು ಗೊಣಗುತ್ತಿದ್ದೆ. ಆದದ್ದು ಬೇರೆ. ನಿಮ್ಮ ಸೈಟೊಂದನ್ನೇ ಹಗಲು ಹೊತ್ತು ಧೈರ್ಯವಾಗಿ ತೆಗೆಯಬಹುದು ಎಂದು ಜನ ಬರೆಯತೊಡಗಿದರು, ಒಬ್ಬರಿಗೊಬ್ಬರು ಹೇಳಿ ಕರೆತಂದರು. ಬೆಂಗಳೂರಿನ ಕಂಪನಿಯೊಂದು ಕೊಳ್ಳಲು ಬಂತು. ಕಟ್ಟುಪಾಡು ತೆಗೆಯಬೇಕು, ತಲೆಬರಹ ಸ್ವಲ್ಪ ಕಚಗುಳಿ ಇಡುವ ಹಾಗಿರಬೇಕು ಎಂದರು. ಕೇಬಲ್ ಅಣ್ಣ ಅವರಿಗೆ ಟೀ ತರಿಸಿಕೊಟ್ಟು, ಬಸ್ ಸ್ಟ್ಯಾಂಡಿನ ತನಕ ಹೋಗಿ ಬಿಟ್ಟು ಬಂದರು.

ಅವರಿಗೆ ಒಬ್ಬ ಹಳೇ ಆಟಗಾರನ ಮೇಲೆ ಪ್ರಾಣ. ಮೊಣಕಾಲಿಗೆ ದಪ್ಪ ಪಟ್ಟಿ ಸುತ್ತಿ ಕುಂಟುತ್ತ ಬರುವವನು, ಎಷ್ಟು ವರ್ಷ ಆಡಿದರೂ ಚಾಂಪಿಯನ್ನನ ದೊಡ್ಡ ಬೆಲ್ಟು ಸೊಂಟಕ್ಕೆ ಬಂದಿರಲಿಲ್ಲ. ಅವನನ್ನು 'ನಮ್ ಮುದ್ಕ' ಅನ್ನುತ್ತಿದ್ದರು. ಅವನು ಸೋತ ದಿನ ಕೇಬಲ್ ಅಣ್ಣನಿಗೆ ಊಟ ಸೇರುತ್ತಿರಲಿಲ್ಲ. ನಾಟಕ ಅಂದವರು ನೀವೇ ಅಲ್ಲವೇ ಎಂದು ನಾನು ಛೇಡಿಸಿದರೆ, ತಗ್ಗು ಭುಜವನ್ನು ಕೊಡವಿ ಎದ್ದು ಹೋಗುತ್ತಿದ್ದರು.

ಕಳೆದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಮಲಗಿದಲ್ಲೇ ಒಂದು ಕೈಯಲ್ಲಿ ಸುದ್ದಿ ಟೈಪು ಮಾಡಿ ಕಳಿಸುತ್ತಿದ್ದರು. ಸೈಟು ಬೆಳೆಯುತ್ತಾ ಹೋಯಿತು, ಅವರು ಕರಗುತ್ತಾ ಹೋದರು. ಓದುಗರು ಹೆಚ್ಚಿದ್ದಾರೆಂದು ಹೇಳಲು ಹೋಗಿ, ಅವರ ಮುಖ ನೋಡಿ, ಹೇಳದೆ ಬಂದಿದ್ದೇನೆ. ಸಂಕಟ ಎಂದರೇನೆಂದು ನನಗೆ ತಿಳಿದದ್ದು ಆ ದಿನಗಳಲ್ಲಿ.

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ ವಾರವೇ ಮುದುಕನಿಗೆ ದೊಡ್ಡ ಬೆಲ್ಟಿನ ಕುಸ್ತಿ ನಿಗದಿಯಾಯಿತು. ಇದೇ ಅವನ ಕಡೆಯ ಆಟ, ಸೋತರೆ ಮತ್ತೆ ಬರುವುದಿಲ್ಲ ಎಂದೂ ಸುದ್ದಿಯಿತ್ತು. ಜಾವಕ್ಕೆ ಏಳುವ ಶಕ್ತಿ ಕೇಬಲ್ ಅಣ್ಣನಿಗೆ ಇರಲಿಲ್ಲ.

"ಈ ಸಲ ನಾನೂ ಜನದ್ ಜೊತೆ ಸಾಯಂಕಾಲನೇ ನೋಡ್ತೀನಿ," ಎಂದರು. "ನೀನ್ ನೋಡ್ಕಂಡು ಬರ್ದಿಟ್ಟಿರು."

ಅವರ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತಿದ್ದೆ. ಅತ್ತಿಗೆ ಟೀವಿಯನ್ನು ಮಂಚದ ಎದುರಿಗೆ ತಂದಿರಿಸಿದರು.

ಆ ದಿನ ಜಾವದಲ್ಲಿ ಆಫೀಸಿನಲ್ಲಿ ಒಬ್ಬಳೇ ಕೂತು ನೋಡಿದೆ. ಬರೆದು ಮುಚ್ಚಿಟ್ಟು, ಮಧ್ಯಾಹ್ನ ಅವರ ಮನೆಗೆ ಹೋದೆ. ಮುಖ ಊದಿತ್ತು. ಅತ್ತಿಗೆ ಚಮಚದಲ್ಲಿ ತುಟಿಗೆ ನೀರು ಹಾಕುತ್ತಿದ್ದರು. ಕೇಬಲ್ ಅಣ್ಣ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ, ಯಾರೂ ಯಾರಿಗೂ ಹೇಳಬಾರದೆಂದು ತಾವೇ ಕಟ್ಟು ಮಾಡಿದ್ದನ್ನು ಕೇಳಿದರು.

"ಯಾರ್ ಗೆದ್ರವ್ವ?"

ನನಗೆ ಹೊಳೆದದ್ದು ಒಂದೇ. ಕಾಯಲು ಏನಾದರೂ ಇದ್ದರೆ ಈ ಜೀವ ಸಾಯಂಕಾಲದ ತನಕ ನಿಲ್ಲುತ್ತದೆ. ಹೇಳಿಬಿಟ್ಟರೆ ಇವರಿಗೆ ಕಾಯಲು ಏನಿದೆ?

"ಸಾಯಂಕಾಲ ನೋಡೀರಂತೆ ಬುಡಿ ಅಣ್ಣ," ಎಂದೆ.

ತುಟಿ ಅಲುಗಿತು. ನಕ್ಕರು ಎಂದೇ ಅತ್ತಿಗೆ ಇವತ್ತಿಗೂ ಹೇಳುತ್ತಾರೆ. "ಕಲ್ತ್ಕಂಡ್ಬುಟ್ಟೆ ಕಣವ್ವ," ಎಂದು ಕಣ್ಣು ಮುಚ್ಚಿದರು.

ಹೊತ್ತಿಳಿಯುವ ಮುಂಚೆಯೇ ಉಸಿರು ನಿಂತಿತು. ನೆಂಟರು ಬಂದು ಟೀವಿಯನ್ನು ಮೂಲೆಗೆ ಸರಿಸಿ, ತಲೆಯ ಬಳಿ ದೀಪ ಹಚ್ಚಿಟ್ಟರು. ಅಕ್ಕಪಕ್ಕದವರು ತುಂಬಿಕೊಂಡಿದ್ದಾಗ ದಿಂಬಿನ ಕೆಳಗಿದ್ದ ಅವರ ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ಮರುಪ್ರಸಾರ ಮುಗಿದಿತ್ತು. ಸಾವಿನ ಸುದ್ದಿ ತಿಳಿಯದ ಓದುಗರು ಮೇಲಿಂದ ಮೇಲೆ ಸಂದೇಶ ಕಳಿಸುತ್ತಿದ್ದರು. ರಾಮಾಪುರದ ಯಾರೋ ಒಬ್ಬ ತನ್ನ ದನಿಯನ್ನೇ ರೆಕಾರ್ಡು ಮಾಡಿ ಕಳಿಸಿದ್ದ, ಒತ್ತಿ ಕೇಳಿದೆ. ಹಿಂದೆ ಮಕ್ಕಳು ಕುಣಿಯುವ ಸದ್ದಿತ್ತು.

"ಗೆದ್ಬುಟ್ಟ ಕಣಣ್ಣ ನಿಮ್ ಮುದ್ಕ. ನೋಡುದ್ರಾ?"

ಅವರು ಕೇಳಿದಾಗ ಹೇಳಬಹುದಿತ್ತು. ಬೆಳಗಿನಿಂದಲೂ ನನಗೆ ಗೊತ್ತಿತ್ತು.